ಎಂಟು ಎಣಿಕೆ, ಹತ್ತು ಹೆಜ್ಜೆ: ಸ್ವಿಂಗ್ ನೃತ್ಯ ಪರಿಚಯದ ಒಂದು ಪಾಠಾನುಭವ

ತರಗತಿ: 8. ಪಠ್ಯಪೂರಕ ಚಟುವಟಿಕೆ. ಅವಧಿ: 40 ನಿಮಿಷ.

ಉದ್ದೇಶಗಳು: ವಿದ್ಯಾರ್ಥಿಗಳು
1. ಸ್ವಿಂಗ್ ನೃತ್ಯದ ಮೂಲವನ್ನು ವಿವರಿಸುವರು.
2. ಸ್ವಿಂಗ್ ಲಯವನ್ನು ಚಪ್ಪಾಳೆಯಲ್ಲಿ ತೋರಿಸುವರು.
3. ಲಿಂಡಿ ಹಾಪ್‌ನ ಮೂಲ ಹೆಜ್ಜೆಗಳನ್ನು ಎಣಿಸುತ್ತಾ ಇಡುವರು.

ಪೀಠಿಕೆ
ನರ್ತಕರ ಹಳೆಯ ಚಿತ್ರವೊಂದನ್ನು ತೋರಿಸಿ, "ಇವರು ಯಾವ ದೇಶದವರು?" ಎಂದು ಕೇಳಿದೆ. "ಆಫ್ರಿಕಾ ಟೀಚರ್" ಎಂದು ಒಟ್ಟಿಗೇ ಉತ್ತರ ಬಂತು. ಅಮೆರಿಕದವರು ಎಂದೆ. ಒಬ್ಬ ಹುಡುಗ, "ಅಮೆರಿಕದವರು ಬೆಳ್ಳಗಿರ್ತಾರಲ್ವಾ?" ಎಂದ. ನನ್ನ ಪಾಠಯೋಜನೆಯಲ್ಲಿ ಹೆಜ್ಜೆಗಳಿಗೆ 30 ನಿಮಿಷವಿತ್ತು, ಇತಿಹಾಸಕ್ಕೆ ಒಂದೇ ಸಾಲು. ಯೋಜನೆಯನ್ನು ಅಲ್ಲೇ ಬದಲಿಸಿದೆ.

ವಿಷಯ ನಿರೂಪಣೆ
ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲಾದವರ ವಂಶಜರು ಇವರು. ದಕ್ಷಿಣ ರಾಜ್ಯಗಳ ವರ್ಣಭೇದ ಮತ್ತು ಬಡತನದಿಂದ ಪಾರಾಗಲು ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ವಲಸೆ ಹೋದರು. ನ್ಯೂಯಾರ್ಕಿನ ಹಾರ್ಲೆಮ್ ಅವರ ದೊಡ್ಡ ನೆಲೆಯಾಯಿತು. ಅಲ್ಲಿ 1926ರಲ್ಲಿ ಸವಾಯ್ ಬಾಲ್‌ರೂಮ್ ತೆರೆಯಿತು. ಅದೇ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಕುಣಿಯುವವರು ಕಪ್ಪು ಜನ, ನೋಡುವವರು ಬಿಳಿಯರು. ಸವಾಯ್‌ನಲ್ಲಿ ಮಾತ್ರ ಇಬ್ಬರೂ ಒಂದೇ ನೆಲದ ಮೇಲೆ ಕುಣಿದರು.

ಚಾರ್ಲ್‌ಸ್ಟನ್ ಮೊದಲಾದ ಕುಣಿತಗಳು ಜಾಝ್ ಸಂಗೀತದೊಡನೆ ಬೆರೆತು ಲಿಂಡಿ ಹಾಪ್ ರೂಪುಗೊಂಡಿತು. 1930ರ ದಶಕದಲ್ಲಿ ಫ್ರಾಂಕಿ ಮ್ಯಾನಿಂಗ್ ಜೊತೆಗಾರ್ತಿಯನ್ನು ಗಾಳಿಯಲ್ಲಿ ತಿರುಗಿಸಿ ತಾಳಕ್ಕೆ ಸರಿಯಾಗಿ ಇಳಿಸುವ ವರಸೆಯನ್ನು ತಂದರು. 1941ರ 'ಹೆಲ್ಝಪಾಪಿನ್' ಚಲನಚಿತ್ರದಲ್ಲಿ ಅವರ ತಂಡದ ಅದ್ಭುತ ಕುಣಿತವಿದೆ. ಆದರೆ ಅವರಿಗೆ ತೊಡಿಸಿದ್ದು ಅಡುಗೆಯವರ, ಆಳುಗಳ ಉಡುಪು. ಮುಂದೆ ಮ್ಯಾನಿಂಗ್ ಅಂಚೆ ಇಲಾಖೆಯಲ್ಲಿ ದುಡಿದರು. 1980ರ ದಶಕದಲ್ಲಿ ಯುವಕರು ಹುಡುಕಿಕೊಂಡು ಬಂದಾಗ ಮತ್ತೆ ಕಲಿಸತೊಡಗಿದರು.

ಇದನ್ನು ಹೇಳುವಾಗ ತರಗತಿ ನಿಶ್ಶಬ್ದವಾಗಿತ್ತು.

ಚಟುವಟಿಕೆ
ಸ್ವಿಂಗ್‌ನಲ್ಲಿ ಒಂದು ಎಣಿಕೆಯ ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ. ಅನುಪಾತ ಸುಮಾರು 2:1. "ತಕಿಟ" ಎನ್ನುತ್ತಾ "ಕಿ"ಯನ್ನು ಮನಸ್ಸಿನಲ್ಲೇ ಹೇಳಿಕೊಂಡು, "ತ" ಮತ್ತು "ಟ"ಗೆ ಮಾತ್ರ ಚಪ್ಪಾಳೆ ತಟ್ಟಿಸಿದೆ. ಆ ತೂಗಾಟ ಮಕ್ಕಳಿಗೆ ಕೂಡಲೇ ಸಿಕ್ಕಿತು.

ನಂತರ ಹೆಜ್ಜೆಗಳು: 1, 2ಕ್ಕೆ ಒಂದೊಂದು, 3–4ರೊಳಗೆ ಮೂರು, 5, 6ಕ್ಕೆ ಒಂದೊಂದು, 7–8ರೊಳಗೆ ಮೂರು. ಇದು ಜೋಡಿ ನೃತ್ಯವಾದರೂ ಕೈ ಹಿಡಿಯಲು ಯಾರನ್ನೂ ಒತ್ತಾಯಿಸದೆ ಸಾಲಾಗಿ ನಿಲ್ಲಿಸಿದೆ.

ಮೌಲ್ಯಮಾಪನ
1. ಎಂಟು ಎಣಿಕೆಗೆ ಹತ್ತು ಹೆಜ್ಜೆ ಹೇಗೆ ಬಂತು?
2. ಕಾಟನ್ ಕ್ಲಬ್ಬಿಗೂ ಸವಾಯ್‌ಗೂ ಇದ್ದ ವ್ಯತ್ಯಾಸವೇನು?

ಆತ್ಮಾವಲೋಕನ
ಹೆಜ್ಜೆಗಳ ಅಭ್ಯಾಸ ಅರ್ಧಕ್ಕೇ ನಿಂತಿತು. ಮೂರನೆಯ ಉದ್ದೇಶ ಪೂರ್ಣವಾಗಲಿಲ್ಲ. ಆದರೂ ಆ ಹುಡುಗನ ಪ್ರಶ್ನೆಯನ್ನು "ಆಮೇಲೆ ನೋಡೋಣ" ಎಂದು ದಾಟಿದ್ದರೆ, ನಾನೂ ಕುಣಿತವನ್ನಷ್ಟೇ ತೆಗೆದುಕೊಂಡು ಕುಣಿದವರನ್ನು ಹೊರಗೆ ನಿಲ್ಲಿಸಿದಂತಾಗುತ್ತಿತ್ತು. ಮುಂದಿನ ಬಾರಿ ಇದನ್ನು ಎರಡು ಅವಧಿಗಳಿಗೆ ಯೋಜಿಸುತ್ತೇನೆ: ಮೊದಲು ಜನ, ಆಮೇಲೆ ಹೆಜ್ಜೆ.