ವಕೀಲಿಯಿಂದ ಸಭಾಧ್ಯಕ್ಷ ಪೀಠದವರೆಗೆ: ಕೆ.ಎಸ್. ಹೆಗ್ಡೆ

ನ್ಯಾಯಾಂಗ, ಶಾಸಕಾಂಗಗಳೆರಡರಲ್ಲಿಯೂ ಉನ್ನತ ಸ್ಥಾನಗಳನ್ನು ಅಲಂಕರಿಸಿದವರು ವಿರಳ. ಕೌಡೂರು ಸದಾನಂದ ಹೆಗ್ಡೆಯವರು ಅಂಥವರಲ್ಲೊಬ್ಬರು. 1909ರ ಜೂನ್ 11ರಂದು ದಕ್ಷಿಣ ಕನ್ನಡದ ಕಾರ್ಕಳ ತಾಲ್ಲೂಕಿನಲ್ಲಿ ಜನಿಸಿದ ಇವರು ಮದ್ರಾಸಿನಲ್ಲಿ ಕಾನೂನು ವ್ಯಾಸಂಗ ಮಾಡಿ ವಕೀಲಿ ವೃತ್ತಿ ಕೈಗೊಂಡರು. ಮುಂದೆ ಸರ್ಕಾರಿ ವಕೀಲರೂ ಆದರು. ಆ ಜಿಲ್ಲೆ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1952ರಲ್ಲಿ ಇವರು ರಾಜ್ಯಸಭೆಗೆ ಆಯ್ಕೆಯಾದುದು ಅಲ್ಲಿಂದಲೇ.

1957ರಲ್ಲಿ ಸದಸ್ಯತ್ವ ತೊರೆದು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರಲ್ಲಿ ಹೊಸದಾಗಿ ಸ್ಥಾಪಿತವಾದ ದೆಹಲಿ ಉಚ್ಚ ನ್ಯಾಯಾಲಯದ ಪ್ರಥಮ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷವೇ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡರು.

ಸಂವಿಧಾನವನ್ನು ಸಂಸತ್ತು ಎಷ್ಟರಮಟ್ಟಿಗೆ ತಿದ್ದಬಹುದು? ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಾಧೀಶರ ಮುಂದೆ ಬಂದ ಪ್ರಶ್ನೆ ಇದು. (ಮಠವಿರುವ ಕಾಸರಗೋಡು 1956ರವರೆಗೆ ಹೆಗ್ಡೆಯವರ ಜಿಲ್ಲೆಯ ಭಾಗವೇ ಆಗಿತ್ತೆಂಬುದು ಸ್ವಾರಸ್ಯದ ಸಂಗತಿ.) 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪು ಹೊರಬಿತ್ತು: ತಿದ್ದುಪಡಿಯ ಅಧಿಕಾರ ವಿಶಾಲವಾದುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಅದು ನಾಶಪಡಿಸಲಾಗದು. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಬರೆದ ತೀರ್ಪು ಈ ಬಹುಮತದಲ್ಲಿತ್ತು. ದೇಶದ ಸಾರ್ವಭೌಮತ್ವ, ಏಕತೆ, ಪ್ರಜಾಸತ್ತೆ, ವ್ಯಕ್ತಿಸ್ವಾತಂತ್ರ್ಯದ ಮುಖ್ಯಾಂಶಗಳ ಜೊತೆಗೆ ಕಲ್ಯಾಣ ರಾಜ್ಯವನ್ನು ಕಟ್ಟುವ ಹೊಣೆಯನ್ನೂ ಅವರು ಮೂಲ ಲಕ್ಷಣಗಳಲ್ಲಿ ಸೇರಿಸಿದರು. ಈ ಕೊನೆಯ ಅಂಶ ವಿಶೇಷವಾಗಿ ಗಮನಾರ್ಹ. ಸಂವಿಧಾನವನ್ನು ಅವರು ಕೇವಲ ನಿರ್ಬಂಧಗಳ ಪಟ್ಟಿಯೆಂದು ಕಾಣಲಿಲ್ಲ.

ತೀರ್ಪಿನ ಬೆನ್ನಲ್ಲೇ ಮುಖ್ಯ ನ್ಯಾಯಾಧೀಶರ ನೇಮಕವಾಯಿತು. ಸೇವಾಹಿರಿತನದ ಸಂಪ್ರದಾಯವನ್ನು ಬದಿಗಿರಿಸಿ, ಶೇಲಟ್, ಹೆಗ್ಡೆ ಹಾಗೂ ಗ್ರೋವರ್ ಈ ಮೂವರಿಗಿಂತ ಕಿರಿಯರಾದ ಎ.ಎನ್. ರಾಯ್ ಅವರನ್ನು ಸರ್ಕಾರ ಆರಿಸಿತು. ಹಿರಿಯರು ಮೂವರೂ ಬಹುಮತದ ತೀರ್ಪು ನೀಡಿದ್ದವರು. ರಾಯ್ ಅವರದು ಅಲ್ಪಮತ. ಮೂವರೂ ರಾಜೀನಾಮೆ ಸಲ್ಲಿಸಿದರು.

ತುರ್ತು ಪರಿಸ್ಥಿತಿಯ ತರುವಾಯ 1977ರಲ್ಲಿ ನಡೆದ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿನ ಪಾಲಾದವು. ಜನತಾ ಪಕ್ಷ ಗೆದ್ದುದು ಎರಡನ್ನು ಮಾತ್ರ. ಅವುಗಳಲ್ಲಿ ಹೆಗ್ಡೆಯವರ ಬೆಂಗಳೂರು ದಕ್ಷಿಣವೂ ಒಂದು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಹುದ್ದೆಗಾಗಿ ಸಭಾಧ್ಯಕ್ಷ ಸ್ಥಾನವನ್ನು ತೆರವು ಮಾಡಿದಾಗ, ಜುಲೈ 21ರಂದು ಆ ಪೀಠ ಹೆಗ್ಡೆಯವರಿಗೆ ಒಲಿಯಿತು. ಅವರ ಅವಧಿಯಲ್ಲಿಯೇ, 1978ರಲ್ಲಿ, 44ನೆಯ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಸಾಲಿನಿಂದ ಕೈಬಿಟ್ಟಿತು. ತಿದ್ದುಪಡಿಯ ಮೇರೆಯನ್ನು ನಿರ್ಣಯಿಸಿದವರಲ್ಲಿ ಒಬ್ಬರು ಈಗ ತಿದ್ದುಪಡಿ ಮಾಡುವ ಸದನದ ಅಧ್ಯಕ್ಷರಾಗಿದ್ದರು.

1979ರ ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಗೊಂಡರೂ ಅವರ ಸ್ಥಾನ ತೆರವಾಗಲಿಲ್ಲ. ಹೊಸ ಸದನದ ಮೊದಲ ಸಭೆ ಸೇರುವ ಕ್ಷಣದವರೆಗೂ ಸಭಾಧ್ಯಕ್ಷರು ಅಧಿಕಾರದಲ್ಲಿರಬೇಕೆಂಬುದು ಸಂವಿಧಾನದ 94ನೆಯ ಅನುಚ್ಛೇದದ ವಿಧಿ. ಅದರಂತೆ ಅವರು 1980ರ ಜನವರಿಯವರೆಗೆ ಮುಂದುವರಿದರು. ಅವರು ಸ್ಥಾಪಿಸಿದ ನಿಟ್ಟೆ ಶಿಕ್ಷಣ ಸಂಸ್ಥೆ ಕಾರ್ಕಳದ ಸುತ್ತಲಿನ ಗ್ರಾಮೀಣ ವಿದ್ಯಾರ್ಥಿಗಳಿಗೆ ನೆರವಾಯಿತು. 1990ರ ಮೇ 24ರಂದು ಹೆಗ್ಡೆಯವರು ನಿಧನರಾದರು.