ಮಾರಾಟದ ಮರುದಿನ ಮೊದಲಾಗುವ ವ್ಯಾಪಾರ

ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗಳಿಗೆ ಲೆಕ್ಕಪತ್ರದ ತಂತ್ರಾಂಶವನ್ನು ಒದಗಿಸುವ ವೃತ್ತಿಯಲ್ಲಿ ನನ್ನ ಆಯುಷ್ಯದ ಬಹುಭಾಗವು ಸಂದಿದೆ. ಹಿಂದೆ ಈ ವ್ಯಾಪಾರದ ಕ್ರಮವು ಸರಳವಾಗಿದ್ದಿತು: ವರ್ತಕನು ಒಮ್ಮೆ ಹಣ ತೆತ್ತು ಶಾಶ್ವತ ಲೈಸೆನ್ಸನ್ನು ಕೊಳ್ಳುತ್ತಿದ್ದನು, ನಮ್ಮ ಕಮಿಷನ್ ಅಂದೇ ಕೈಸೇರುತ್ತಿದ್ದಿತು, ಅನಂತರದ ಸೇವೆಯು ಮಾರುವವನ ಸೌಜನ್ಯವನ್ನು ಅವಲಂಬಿಸಿದ್ದಿತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದು, ತೆರಿಗೆಯ ದರಗಳೂ ರಿಟರ್ನ್‌ಗಳ ನಿಯಮಗಳೂ ಮೇಲಿಂದ ಮೇಲೆ ಪರಿವರ್ತನೆ ಹೊಂದತೊಡಗಿದಾಗ, ತಂತ್ರಾಂಶವು ಒಮ್ಮೆ ಕೊಂಡು ಮುಗಿಸತಕ್ಕ ವಸ್ತುವಲ್ಲವೆಂಬುದು ನನಗೆ ಮನವರಿಕೆಯಾಯಿತು. ಅಂಗಡಿ ಅಂಗಡಿಗೂ ಹೋಗಿ ಹೊಸ ಆವೃತ್ತಿಯನ್ನು ಅಳವಡಿಸುವ ಶ್ರಮವನ್ನು ಕ್ಲೌಡ್ ನಿವಾರಿಸಿತು; ದೂರದ ಸರ್ವರಿನಲ್ಲಿ ಒಮ್ಮೆ ಮಾಡಿದ ತಿದ್ದುಪಡಿಯು ಸಕಲ ಗ್ರಾಹಕರಿಗೂ ಏಕಕಾಲದಲ್ಲಿ ಲಭ್ಯವಾಯಿತು. ಆದರೆ ಇಡಿಗಂಟಾಗಿ ಬರುತ್ತಿದ್ದ ಆದಾಯವು ತಿಂಗಳ ಚಂದಾ ಆಗಿ ಹಂಚಿಹೋಗುವಾಗ, ಸರ್ವರಿನ ಬಾಡಿಗೆ, ನೌಕರರ ವೇತನ ಮೊದಲಾದ ವೆಚ್ಚಗಳು ಮಾತ್ರ ತಡೆಯದೆ ಬರುವುದರಿಂದ, ಬೊಕ್ಕಸವು ಕೆಲಕಾಲ ಬಡವಾಗುವುದು ಅನಿವಾರ್ಯ. ಶಾಶ್ವತ ಲೈಸೆನ್ಸಿನ ಮಾರ್ಗವನ್ನು ತೊರೆದು ಚಂದಾ ಪದ್ಧತಿಗೆ ಹೊರಳಿದ ಅಡೋಬಿಯಂಥ ಬೃಹತ್ ಸಂಸ್ಥೆಯ ಆದಾಯವೂ 2013ರಲ್ಲಿ ಕುಸಿದಿದ್ದಿತು. 1986ರಲ್ಲಿ ಜನ್ಮತಾಳಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ಲೆಕ್ಕಪತ್ರ ತಂತ್ರಾಂಶದ ಸಂಸ್ಥೆಯಾದ ಟ್ಯಾಲಿಯು ಮಧ್ಯಮಮಾರ್ಗವನ್ನು ಹಿಡಿಯಿತು: ಲೈಸೆನ್ಸು ಶಾಶ್ವತ, ಪರಿಷ್ಕರಣ ಮತ್ತು ಸೇವೆಗೆ ನವೀಕರಣಶುಲ್ಕ, ಅಪೇಕ್ಷಿಸುವವರಿಗೆ ಅಮೆಜಾನಿನ ಸರ್ವರಿನ ಮೇಲೆಯೂ ಅದೇ ತಂತ್ರಾಂಶ.

“ನನ್ನ ಲೆಕ್ಕದ ಪುಸ್ತಕಕ್ಕೆ ನಾನೇ ಬಾಡಿಗೆ ಕೊಡಬೇಕೇ?” ಎಂದು ಮಂಡಿಯ ಹಿರಿಯ ವರ್ತಕರೊಬ್ಬರು ಕೇಳಿದ ಪ್ರಶ್ನೆಯು ನನ್ನನ್ನು ಬಹುಕಾಲ ಚಿಂತನೆಗೆ ಹಚ್ಚಿದ್ದಿತು. ಪುಸ್ತಕವು ಅವರದೇ, ನಾವು ಬೇಡುವುದು ಅದನ್ನು ಸುರಕ್ಷಿತವಾಗಿಯೂ ಕಾಲೋಚಿತವಾಗಿಯೂ ಇರಿಸುವ ಸೇವೆಯ ಪ್ರತಿಫಲವನ್ನು. ಆ ಸೇವೆಯು ತಿಂಗಳು ತಿಂಗಳೂ ಕಾಣದೆ ಹೋದರೆ ಚಂದಾ ಕೇಳುವ ಅಧಿಕಾರವು ನಮಗಿಲ್ಲ. ಆದುದರಿಂದಲೇ, ಜಿಎಸ್‌ಟಿಯ ತಿಂಗಳ ರಿಟರ್ನಾದ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೆಯ ತಾರೀಖು ಸಮೀಪಿಸಿದಾಗ ಗುಮಾಸ್ತನ ದೂರವಾಣಿಗೆ ಉತ್ತರಿಸುವವನೇ ಈಗ ಸಂಸ್ಥೆಯ ನಿಜವಾದ ಮಾರಾಟಗಾರನೆಂದು ನಾನು ಕಲಿತೆನು. ಕಮಿಷನ್ನನ್ನೂ ಮೊದಲ ಮಾರಾಟಕ್ಕಲ್ಲದೆ ನವೀಕರಣಕ್ಕೆ ಹೊಂದಿಸಿದಲ್ಲಿ ಏಜೆಂಟನ ಹಿತವೂ ಗ್ರಾಹಕನ ಹಿತವೂ ಒಂದಾಗುತ್ತವೆ.

ಹೆಬ್ಬಾಳ, ಯಲಹಂಕಗಳ ಸುತ್ತಮುತ್ತ ಹೊಸದಾಗಿ ತಂತ್ರಾಂಶದ ಉದ್ಯಮವನ್ನು ಆರಂಭಿಸುವ ತರುಣರಲ್ಲಿ ನನ್ನದೊಂದು ವಿಜ್ಞಾಪನೆ: ಗ್ರಾಹಕನು ಬಿಟ್ಟುಹೋಗಲು ಇಚ್ಛಿಸಿದಲ್ಲಿ ಅವನ ಸಮಸ್ತ ಲೆಕ್ಕವನ್ನೂ ಬೇರೆಡೆ ಬಳಸಬಹುದಾದ ರೂಪದಲ್ಲಿ ಒಪ್ಪಿಸುವೆವೆಂದು ಕರಾರಿನಲ್ಲಿಯೇ ಬರೆದುಕೊಡಿರಿ. ಹೋಗುವ ಸ್ವಾತಂತ್ರ್ಯವಿದ್ದೂ ಉಳಿಯುವ ಗ್ರಾಹಕನ ಮೇಲೆಯೇ ಚಂದಾ ವ್ಯಾಪಾರವು ನಿಲ್ಲತಕ್ಕದ್ದು.