ಪಂಪ್‌ಮನೆಯ ಪೆಟ್ಟಿಗೆಗೆ ವಿಳಾಸವಿದೆಯೆ?



ಕಳೆದ ಬೇಸಗೆಯಲ್ಲಿ ನಮ್ಮ ಬ್ಲಾಕಿನ ಅಡಿಕೆ ಬೆಳೆಗಾರರೊಬ್ಬರು ತಮ್ಮ ತೋಟದ ಪಂಪ್‌ಮನೆಗೆ ಒಂದು ಕ್ಯಾಮರಾವನ್ನೂ ಅದರ ಚಿತ್ರಗಳನ್ನು ತುಂಬಿಡುವ ಪೆಟ್ಟಿಗೆಯನ್ನೂ ಹಾಕಿಸಿದರು. ಮೋಟಾರು ಓಡುತ್ತಿದೆಯೆ, ತೊಟ್ಟಿಗೆ ನೀರು ಬೀಳುತ್ತಿದೆಯೆ ಎಂಬುದನ್ನು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ನೋಡಬೇಕೆಂಬುದು ಅವರ ಆಸೆ. ಪೇಟೆಯ ಅಂಗಡಿಯಲ್ಲಿ ಹಚ್ಚಿ ತೋರಿಸಿದಾಗ ಚಿತ್ರ ಚೆನ್ನಾಗಿಯೇ ಬಂತು. ತೋಟಕ್ಕೆ ತಂದು, ಸಿಮ್ ಹಾಕುವ ರೂಟರಿಗೆ ಜೋಡಿಸಿ, ಮನೆಗೆ ಬಂದು ನೋಡಿದರೆ ಏನೂ ಇಲ್ಲ. ಅಂಗಡಿಯವರು ಸಿಮ್ ಸರಿಯಿಲ್ಲವೆಂದರು. ಒಂದರ ಮೇಲೊಂದು ಮೂರು ಸಿಮ್ ಬದಲಾದವು. ಆ ಮೇಲೆ ನನ್ನನ್ನು ಕೇಳಿದರು. ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಆದರೂ ಎಲ್ಲ ತಿಳಿದವನಂತೆ, "ಸಿಗ್ನಲ್ ಸಾಲದು, ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿಸಿ" ಎಂದುಬಿಟ್ಟೆ. ಆ ಖರ್ಚೂ ಆಯಿತು, ಚಿತ್ರ ಬರಲಿಲ್ಲ. ನೆಂಟರ ಮದುವೆಗೆಂದು ಅವರು ಎರಡು ದಿನ ಊರು ಬಿಟ್ಟಿದ್ದಾಗ ಬೋರ್‌ವೆಲ್ಲಿನ ನೀರು ಕೆಳಗಿಳಿದು, ಮೋಟಾರು ನೀರಿಲ್ಲದೆ ಓಡಿ ಕಾಯಿಲ್ ಸುಟ್ಟುಹೋಯಿತು. ತೋಟಕ್ಕೆ ನೀರು ತಪ್ಪಬಾರದ ಕಾಲ ಅದು. ಮೋಟಾರು ಮೇಲೆತ್ತಿ, ಕಾಯಿಲ್ ಸುತ್ತಿಸಿ, ಮತ್ತೆ ಇಳಿಸುವ ಹೊತ್ತಿಗೆ ಒಂದು ವಾರ ಕಳೆದಿತ್ತು.

ಸಿಮ್ಮಿನಲ್ಲಾಗಲಿ ಸಿಗ್ನಲಿನಲ್ಲಾಗಲಿ ದೋಷವಿರಲಿಲ್ಲವೆಂದು ನನಗೆ ತಿಳಿದದ್ದು ತಡವಾಗಿ. ಆ ಪೆಟ್ಟಿಗೆಗೆ ಹೊರಗಿನವರು ಹುಡುಕಿ ಬರುವಂಥ ವಿಳಾಸವೇ ಇರಲಿಲ್ಲ. ಇದು ಹೇಗೆಂಬುದನ್ನು ಬಿಡಿಸಿ ಹೇಳುವುದು ನನ್ನ ಮೇಲಿರುವ ಋಣವೆಂದು ತಿಳಿದು ಈ ಪಾಠ ಬರೆಯುತ್ತಿದ್ದೇನೆ.

ವಿಳಾಸಗಳು ಮುಗಿದ ಬಗೆ

ಅಂಚೆಯ ಕಾಗದಕ್ಕೆ ಊರು, ಮನೆ, ಹೆಸರು ಬೇಕಾಗುವಂತೆ ಅಂತರಜಾಲದಲ್ಲಿ ಹೋಗುವ ಪ್ರತಿಯೊಂದು ಸುದ್ದಿಗೂ ಕಳಿಸುವವರ ಮತ್ತು ಪಡೆಯುವವರ ವಿಳಾಸ ಬೇಕು. ಇದಕ್ಕೆ ಐಪಿ ವಿಳಾಸವೆಂದು ಹೆಸರು. ನಿಮ್ಮ ಮೊಬೈಲಿನ ಹತ್ತು ಅಂಕೆಯ ನಂಬರೇ ಬೇರೆ, ಇದೇ ಬೇರೆ. 1981ರಲ್ಲಿ ಗೊತ್ತುಮಾಡಿದ ಐಪಿವಿ4 ಎಂಬ ಪದ್ಧತಿಯಲ್ಲಿ ವಿಳಾಸವೆಂದರೆ ನಡುವೆ ಚುಕ್ಕಿಯಿಟ್ಟು ಬರೆದ ನಾಲ್ಕು ಸಂಖ್ಯೆಗಳು. ಒಂದೊಂದೂ 0ಯಿಂದ 255ರ ವರೆಗೆ ಇರಬಹುದು. ಲೆಕ್ಕ ಹಾಕಿದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಅಂದು ಕಂಪ್ಯೂಟರುಗಳೇ ಅಪರೂಪ. ಇಷ್ಟು ಸಾಕೋ ಸಾಕು ಎಂದು ಕೈಬಿಚ್ಚಿ ಹಂಚಿದರು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯೊಂದಕ್ಕೇ 1 ಕೋಟಿ 67 ಲಕ್ಷ ವಿಳಾಸಗಳು ದೊರೆತಿದ್ದವು. ಅದರಲ್ಲಿ ಬಹುಪಾಲು ಬಳಕೆಯಾಗದೆ ಉಳಿದು, ಸುಮಾರು 80 ಲಕ್ಷವನ್ನು ಮಾರುವುದಾಗಿ ಆ ಸಂಸ್ಥೆ 2017ರಲ್ಲಿ ಪ್ರಕಟಿಸಿತು. ಮೊದಲು ಬಂದವರು ಕೆರೆಯ ಕೆಳಗಿನ ಗದ್ದೆಯನ್ನೆಲ್ಲ ಹಿಡಿದು ಬೀಳು ಬಿಟ್ಟ ಕಥೆ ನಮಗೇನೂ ಹೊಸದಲ್ಲ.

2011ರ ಫೆಬ್ರುವರಿ 3ರಂದು ಲೋಕದ ಕೇಂದ್ರ ಉಗ್ರಾಣದಲ್ಲಿದ್ದ ಕಡೆಯ ಐದು ದೊಡ್ಡ ಕಂತೆಗಳನ್ನು ಐದು ಭೂಭಾಗಗಳಿಗೆ ಒಂದೊಂದರಂತೆ ಹಂಚಿ ಮುಗಿಸಿದರು. ಏಷ್ಯಾ ಮತ್ತು ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕಡೆಯ ಕಂತೆಗೆ ಕೈ ಹಾಕಿತು. ಅಂದಿನಿಂದ ಆ ಕಂತೆಯಿಂದ ಒಂದು ಕಂಪನಿಗೆ ಹೆಚ್ಚೆಂದರೆ 1024 ವಿಳಾಸ. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದರು. ಕೋಟಿಗಟ್ಟಲೆ ಗಿರಾಕಿಗಳಿರುವ ಮೊಬೈಲ್ ಕಂಪನಿಗೆ 512 ಯಾವ ಮೂಲೆಗೆ? ಬೇಕಾದವರು ದುಡ್ಡು ಕೊಟ್ಟು ಕೊಳ್ಳತೊಡಗಿದರು. 2011ರಲ್ಲೇ ಮೈಕ್ರೋಸಾಫ್ಟ್ ಕಂಪನಿಯು ದಿವಾಳಿಯೆದ್ದ ನಾರ್ಟೆಲ್ ಎಂಬ ಕಂಪನಿಯಿಂದ 6 ಲಕ್ಷ 66 ಸಾವಿರ ಚಿಲ್ಲರೆ ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡುಕೊಂಡಿತು.

ಅಂಕೆ ಮುಗಿಯುವುದು ನಮ್ಮ ಅನುಭವದಲ್ಲೂ ಇದೆ. 2021ರ ಜನವರಿ 15ರಿಂದ ಮನೆಯ ಸ್ಥಿರ ಫೋನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂದು ವಿಧಿಸಿದ್ದು ಹೊಸ ನಂಬರುಗಳಿಗೆ ಜಾಗ ಮಾಡುವುದಕ್ಕಾಗಿಯೆ.

ಚಾವಡಿಯ ವಿಳಾಸ

ವಿಳಾಸ ಸಾಲದಾದಾಗ ಕಂಪನಿಗಳು ಹಂಚಿಕೊಂಡು ಬಾಳುವ ದಾರಿ ಹಿಡಿದವು. ಒಂದು ಊರಿಗೆ ಒಂದೇ ಅಂಚೆ ವಿಳಾಸ, ಅದು ಚಾವಡಿಯದು ಎಂದುಕೊಳ್ಳಿ. ಊರಿನವರು ಬರೆದ ಕಾಗದಗಳೆಲ್ಲ ಚಾವಡಿಯ ವಿಳಾಸದಲ್ಲೇ ಹೋಗುತ್ತವೆ. ಇಂಥವರು ಇಂಥವರಿಗೆ ಬರೆದರೆಂದು ಅಲ್ಲಿನ ಗುಮಾಸ್ತ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡಿ ಅವರವರ ಮನೆಗೆ ತಲುಪಿಸುತ್ತಾನೆ. ಇದರಿಂದ ಯಾರಿಗೂ ತೊಂದರೆಯಿಲ್ಲ. ನೀವು ಮೊಬೈಲಿನಲ್ಲಿ ಮಾರುಕಟ್ಟೆ ಧಾರಣೆ ನೋಡುವುದು, ಪಹಣಿ ತೆಗೆಯುವುದು ಎಲ್ಲವೂ ನೀವು ಮೊದಲು ಕೇಳಿ ಉತ್ತರ ಪಡೆಯುವ ವ್ಯವಹಾರ.

ಆದರೆ ಹೊರಗಿನವರೊಬ್ಬರು ತಾವಾಗಿಯೇ ನಿಮಗೆ ಹೊಸದಾಗಿ ಕಾಗದ ಬರೆದರೆ? ಪುಸ್ತಕದಲ್ಲಿ ಅದಕ್ಕೆ ಗುರುತಿಲ್ಲ. ಯಾರ ಮನೆಗೆ ಕೊಡಬೇಕೆಂದು ಗುಮಾಸ್ತನಿಗೆ ತಿಳಿಯದೆ ಕಾಗದವನ್ನು ಬಿಸಾಡುತ್ತಾನೆ. ನಮ್ಮ ಬೆಳೆಗಾರರ ಪೆಟ್ಟಿಗೆಗೆ ಆದದ್ದು ಇದೇ. ಅದು ಹೊರಗಿನ ಕರೆಗೆ ಕಾದು ಕುಳಿತು ಉತ್ತರ ಕೊಡುವ ಹಳೆಯ ಜಾತಿಯದು. ತಾನಾಗಿ ಯಾರಿಗೂ ಬರೆಯುವುದಿಲ್ಲ. ಮನೆಯಿಂದ ಅವರು ಕಳಿಸಿದ ಕರೆ ಕಂಪನಿಯ ಚಾವಡಿಯವರೆಗೆ ಹೋಗಿ ಅಲ್ಲೇ ನಿಂತಿತು. ಎಷ್ಟು ಸಿಮ್ ಬದಲಾಯಿಸಿದರೂ ಚಾವಡಿ ಬದಲಾಗುತ್ತಿತ್ತೇ ಹೊರತು ಪುಸ್ತಕದಲ್ಲಿ ಗುರುತು ಬೀಳುತ್ತಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಹೇಗೆ ಬಂತು ಎನ್ನುವಿರಾ? ಅಲ್ಲಿ ಪೆಟ್ಟಿಗೆಯೂ ಮೊಬೈಲೂ ಅಂಗಡಿಯ ಒಂದೇ ವೈಫೈಯಲ್ಲಿದ್ದವು. ಒಂದೇ ಮನೆಯೊಳಗೆ ಚೀಟಿ ಕೊಡಲು ಅಂಚೆ ಬೇಕಿಲ್ಲವಷ್ಟೆ.

ಹಂಚಿಕೆಯ ವಿಳಾಸದಿಂದ ಇನ್ನೊಂದು ಕಿರುಕುಳವುಂಟು. ಅದೇ ವಿಳಾಸದಿಂದ ಬೇರೆ ಯಾರೋ ಅತಿಯಾಗಿ ಕಾಟ ಕೊಟ್ಟರೆ ತಾಣಗಳು ಆ ವಿಳಾಸವನ್ನೇ ತಡೆಯುತ್ತವೆ. ಅರ್ಜಿ ತುಂಬುತ್ತಿರುವ ನೀವು ಕಾರಣ ತಿಳಿಯದೆ ಕಾಯುತ್ತೀರಿ.

ಹೊಸ ವಿಳಾಸ

ಈ ಅಭಾವ ಬರುವುದೆಂದು ತಿಳಿದವರು ಮೊದಲೇ ಕಂಡಿದ್ದರು. ಐಪಿವಿ6 ಎಂಬ ಹೊಸ ಪದ್ಧತಿಯನ್ನು 1998ರಲ್ಲೇ ಬರೆದಿಟ್ಟರು. ಇದರ ವಿಳಾಸ ಉದ್ದ. ಅಂಕೆಗಳ ಜೊತೆಗೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಸೇರಿ, ನಡುನಡುವೆ ಎರಡು ಚುಕ್ಕಿಯ ಚಿಹ್ನೆ ಇರುತ್ತದೆ. ಒಟ್ಟು ಎಷ್ಟೆಂದರೆ 34ರ ಮುಂದೆ 37 ಸೊನ್ನೆ ಇಟ್ಟುಕೊಳ್ಳಿ. ಒಂದೇ ಒಂದು ಮೊಬೈಲ್ ಸಂಪರ್ಕಕ್ಕೆ ಸಾಮಾನ್ಯವಾಗಿ ಕೊಡುವ ತುಂಡಿನಲ್ಲಿ, ಹಳೆಯ ಪದ್ಧತಿಯ ಇಡೀ ಲೋಕದ ವಿಳಾಸಗಳಂಥವು 429 ಕೋಟಿ ಪಾಲು ಹಿಡಿಯುತ್ತವೆ. ಹೊಲದ ತೇವ ಅಳೆಯುವ ಕಡ್ಡಿಗೂ ಕೊಟ್ಟಿಗೆಯ ದೀಪಕ್ಕೂ ಒಂದೊಂದು ಸ್ವಂತ ವಿಳಾಸ ಕೊಟ್ಟರೂ ಮುಗಿಯದು.

ಹಾಗಾದರೆ ಎಲ್ಲರೂ ಕೂಡಲೇ ಏಕೆ ಬದಲಾಗಲಿಲ್ಲ? ಹಳೆಯದಕ್ಕೂ ಹೊಸದಕ್ಕೂ ನೇರ ಮಾತುಕತೆಯಿಲ್ಲ; ತೊಡಕು ಇಲ್ಲಿದೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಆಣೆಯೂ ಪೈಸೆಯೂ ಕೆಲವು ವರ್ಷ ಜೊತೆಯಲ್ಲೇ ನಡೆದವು. ಅಂಗಡಿಯವನು ಎರಡನ್ನೂ ಎಣಿಸಬೇಕಾಗಿತ್ತು. ಇಲ್ಲಿಯೂ ತಾಣಗಳೂ ಕಂಪನಿಗಳೂ ಎರಡು ಬಗೆಯ ವಿಳಾಸಗಳನ್ನೂ ಇಟ್ಟುಕೊಂಡು ನಡೆಸಬೇಕಾಗಿದೆ. ಒಂದೇ ಬಗೆಯಿದ್ದ ಕಡೆ ನಡುವೆ ದುಭಾಷಿಯಂತೆ ಒಂದು ಯಂತ್ರವನ್ನು ಕೂರಿಸುತ್ತಾರೆ. ಆದರೆ ನಾಣ್ಯಕ್ಕೆ ಸರ್ಕಾರ ಗಡುವು ಹಾಕಿತು. ಲೋಕದ ಅಂತರಜಾಲಕ್ಕೆ ಗಡುವು ಹಾಕುವ ಯಜಮಾನನಿಲ್ಲ.

ಈ ವಿಷಯದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ದೂರಸಂಪರ್ಕ ಇಲಾಖೆ 2010ರಲ್ಲೇ ಬದಲಾವಣೆಯ ಯೋಜನೆಯನ್ನು ಪ್ರಕಟಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದಾಗಲೇ ಹೊಸ ವಿಳಾಸಗಳನ್ನು ಬಳಸಿತು. ಹಳೆಯ ವಿಳಾಸಗಳ ಆಸ್ತಿ ಇಲ್ಲದವರಿಗೆ ಹೊಸದೇ ಗತಿ ಎಂಬುದೂ ಒಂದು ಕಾರಣ. ಇಂದು ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಸ ವಿಳಾಸವಿದೆ. ನಿಮ್ಮ ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಫೋನಿನ ವಿವರ ತೆರೆದು ಐಪಿ ವಿಳಾಸವೆಂಬಲ್ಲಿ ನೋಡಿ. ಉದ್ದನೆಯ, ಸಾಮಾನ್ಯವಾಗಿ 240 ಎಂದು ಆರಂಭವಾಗುವ ವಿಳಾಸ ಕಂಡರೆ ಅದೇ ಹೊಸದು.

ಕೊಳ್ಳುವ ಮುನ್ನ

ಮೋಟಾರು ಸುಡಬಾರದೆಂಬುದೇ ನಿಮ್ಮ ಚಿಂತೆಯಾದರೆ ಮೊದಲು ಸ್ಟಾರ್ಟರಿನಲ್ಲಿ ನೀರಿಲ್ಲದ ಓಟ ತಡೆಯುವ ಸಾಧನ ಹಾಕಿಸಿ. ಅದಕ್ಕೆ ಸಿಮ್ಮೂ ಬೇಡ, ವಿಳಾಸವೂ ಬೇಡ. ಕ್ಯಾಮರಾ ಆ ಮೇಲೆ. ಮಿಸ್ಡ್ ಕಾಲ್ ಅಥವಾ ಎಸ್ಸೆಮ್ಮೆಸ್ಸಿನಿಂದ ನಡೆಯುವ ಸ್ಟಾರ್ಟರಿಗೂ ಈ ವಿಳಾಸದ ತೊಡಕು ಇಲ್ಲ.

ಕ್ಯಾಮರಾ ಕೊಳ್ಳುವಾಗ ಅಂಗಡಿಯವರನ್ನು ಹೀಗೆ ಕೇಳತಕ್ಕದ್ದು: ಮೊಬೈಲ್ ಈ ಪೆಟ್ಟಿಗೆಯನ್ನು ಹೇಗೆ ಹುಡುಕುತ್ತದೆ? ಪೆಟ್ಟಿಗೆ ತಾನೇ ಕಂಪನಿಯ ಕೇಂದ್ರಕ್ಕೆ ಕರೆ ಮಾಡಿ, ಮೊಬೈಲೂ ಅಲ್ಲಿಗೇ ಹೋಗಿ ಇಬ್ಬರೂ ಸಂಧಿಸುವ ಬಗೆಯದಾದರೆ ಹಂಚಿಕೆಯ ವಿಳಾಸದಲ್ಲೂ ನಡೆಯುತ್ತದೆ. ಆ ಕೇಂದ್ರ ಮುಚ್ಚಿದ ದಿನ ಪೆಟ್ಟಿಗೆ ಕುರುಡಾಗುವುದೆಂಬುದು ನೆನಪಿರಲಿ. ನೇರ ಕರೆಯ ಬಗೆಯದಾದರೆ, ಅದಕ್ಕೆ ಐಪಿವಿ6 ಬರುತ್ತದೆಯೆ ಎಂದು ಕೇಳಿ. ಹಳೆಯ ಪೆಟ್ಟಿಗೆಗಳು ಅನೇಕಕ್ಕೆ ಬರುವುದಿಲ್ಲ. ರೂಟರಿನಲ್ಲೂ ಅದು ಚಾಲೂ ಇರಬೇಕು. ಹೊಸ ವಿಳಾಸವಿದ್ದರೂ ಹೊರಗಿನ ಕರೆಗಳನ್ನು ತಡೆಯುವ ಮೊಬೈಲ್ ಕಂಪನಿಗಳುಂಟು, ಅದನ್ನೂ ವಿಚಾರಿಸಿ. ತಂತಿಯ ಸಂಪರ್ಕ ಇರುವ ಕಡೆ ಕೆಲವರು ಬಾಡಿಗೆಗೆ ಸ್ವಂತ ಹಳೆಯ ವಿಳಾಸ ಕೊಡುತ್ತಾರೆ. ಒಂದು ಕ್ಯಾಮರಾಕ್ಕೋಸ್ಕರ ತಿಂಗಳು ತಿಂಗಳೂ ಆ ಹಣ ತೆರುವುದು ನನ್ನ ಎಣಿಕೆಯಲ್ಲಿ ದಂಡ.

ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ನಿಮ್ಮ ಮೊಬೈಲಿನ ವೈಫೈ ಆರಿಸಿ, ರಸ್ತೆಗೆ ಬಂದು, ಸಿಮ್ಮಿನ ಡೇಟಾದಲ್ಲಿ ನೋಡಿ. ಪೆಟ್ಟಿಗೆಯನ್ನೂ ನಿಮ್ಮ ತೋಟದಲ್ಲಿ ಹಾಕುವ ಸಿಮ್ಮಿನ ಮೇಲೆಯೇ ನಡೆಸಿ ತೋರಿಸಲಿ. ಚಿತ್ರ ಬಂದರೆ ಮಾತ್ರ ಹಣ ಕೊಡಿ.

ಒಂದು ಎಚ್ಚರಿಕೆ. ಚಾವಡಿಯ ವಿಳಾಸದ ಹಿಂದೆ ಇರುವವರೆಗೆ ಪೋಕರಿಗಳಿಗೂ ನಿಮ್ಮ ಮನೆ ಸುಲಭದಲ್ಲಿ ಕಾಣುತ್ತಿರಲಿಲ್ಲ. ಸ್ವಂತ ವಿಳಾಸ ಬಂದರೆ ಬಾಗಿಲು ಬೀದಿಗೆ ತೆರೆದಂತೆ. ರೂಟರಿನ ಫೈರ್‌ವಾಲ್ ಎಂಬ ಕಾವಲನ್ನು ಎಂದೂ ಆರಿಸಬೇಡಿ. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. ಮಾರಿದವರಿಗೂ ಅದು ಗೊತ್ತಿರಬಾರದು.

ಆ ಬೆಳೆಗಾರರು ಈಗ ನೀರಿಲ್ಲದ ಓಟ ತಡೆಯುವ ಸಾಧನವನ್ನು ಹಾಕಿಸಿದ್ದಾರೆ. ಕೇಂದ್ರದ ಮೂಲಕ ನಡೆಯುವ ಬೇರೆ ಕ್ಯಾಮರಾ ತಂದಿದ್ದಾರೆ. ಬಿದಿರಿನ ಗಳು ಇನ್ನೂ ಪಂಪ್‌ಮನೆಯ ಮೇಲೆ ನಿಂತಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಇಂಥ ಪೆಟ್ಟಿಗೆ ನಿಮ್ಮಲ್ಲಿದ್ದು ಕೆಲಸ ಮಾಡದಿದ್ದರೆ ಸಂತೆಯ ದಿನ ಬೆಳಗ್ಗೆ ಪಂಚಾಯಿತಿ ಕಚೇರಿಗೆ ತನ್ನಿ, ಕೊಂಡ ರಸೀದಿಯೂ ಜೊತೆಗಿರಲಿ. ಒಟ್ಟಿಗೆ ಕುಳಿತು ನೋಡೋಣ.